ರಾಫೆಲ್‌ನ ಕಾರ್ಟೂನುಗಳು: ಮಗ್ಗಕ್ಕೆಂದು ಬರೆದ ಚಿತ್ರಗಳು

ಕಾರ್ಟೂನ್ ಎಂದೊಡನೆ ಕನ್ನಡಿಗರಾದ ನಮಗೆ ನೆನಪಾಗುವುದು ಮೈಸೂರಿನವರಾದ ಆರ್. ಕೆ. ಲಕ್ಷ್ಮಣರ ಚೌಕಳಿ ಕೋಟಿನ ಶ್ರೀಸಾಮಾನ್ಯ. ಆದರೆ ಈ ಪದಕ್ಕೆ ವ್ಯಂಗ್ಯಚಿತ್ರವೆಂಬ ಅರ್ಥ ಅಂಟಿದ್ದು 1843ರಲ್ಲಿ, ಲಂಡನ್ನಿನ ‘ಪಂಚ್’ ಪತ್ರಿಕೆಯಿಂದ. ಅದಕ್ಕೂ ಮೊದಲು, ದೊಡ್ಡ ಕಾಗದವೆಂಬ ಅರ್ಥದ ಇಟಾಲಿಯನ್ ಮಾತಿನಿಂದ ಹುಟ್ಟಿದ ಈ ಪದವು, ಗೋಡೆಯ ಮೇಲೋ ಬಟ್ಟೆಯಲ್ಲೋ ಮೂಡಬೇಕಾದ ಚಿತ್ರಕ್ಕಾಗಿ ಅದೇ ಅಳತೆಯಲ್ಲಿ ಸಿದ್ಧಪಡಿಸಿದ ಪೂರ್ವಚಿತ್ರವನ್ನು ಸೂಚಿಸುತ್ತಿತ್ತು. ಅಂತಹ ಪೂರ್ವಚಿತ್ರಗಳಲ್ಲಿ ಜಗತ್ಪ್ರಸಿದ್ಧವಾದವು ರಾಫೆಲ್‌ನ ಏಳು ಕಾರ್ಟೂನುಗಳು.

1515ರಲ್ಲಿ ಪೋಪ್ ಹತ್ತನೆಯ ಲಿಯೊ, ವ್ಯಾಟಿಕನ್ನಿನ ಸಿಸ್ಟೀನ್ ಪ್ರಾರ್ಥನಾಮಂದಿರದ ಗೋಡೆಗಳ ಕೆಳಭಾಗಕ್ಕೆ ತೂಗುಹಾಕಲು ಚಿತ್ರವಸ್ತ್ರಗಳನ್ನು, ಅಂದರೆ ಟ್ಯಾಪೆಸ್ಟ್ರಿಗಳನ್ನು, ಮಾಡಿಸಲು ನಿಶ್ಚಯಿಸಿದನು. ಅದೇ ಮಂದಿರದ ಛಾವಣಿಯನ್ನು ಮೈಕೆಲೇಂಜೆಲೊ ಮುಗಿಸಿ ಆಗ ಮೂರು ವರ್ಷಗಳಷ್ಟೇ ಆಗಿದ್ದವು. ಸಂತ ಪೀಟರ್ ಮತ್ತು ಸಂತ ಪೌಲರ ಜೀವನದ ಹತ್ತು ಪ್ರಸಂಗಗಳನ್ನು ಚಿತ್ರಿಸುವ ಹೊಣೆ ರಾಫೆಲ್‌ನಿಗೆ ಬಂದಿತು. 1516ರ ಕೊನೆಯ ಹೊತ್ತಿಗೆ ಆತನೂ ಅವನ ಸಹಾಯಕರೂ ಕೆಲಸವನ್ನು ಬಹುಮಟ್ಟಿಗೆ ಪೂರೈಸಿದ್ದರು. ಸಣ್ಣ ಸಣ್ಣ ಕಾಗದದ ಹಾಳೆಗಳನ್ನು ಅಂಟಿಸಿ ಮೂರು ಮೀಟರಿಗೂ ಮಿಕ್ಕ ಎತ್ತರದ ಪಟವನ್ನಾಗಿಸಿ, ಅದರ ಮೇಲೆ ಅಂಟು ಬೆರೆಸಿದ ಬಣ್ಣಗಳಿಂದ ಬರೆದ ಚಿತ್ರಗಳಿವು.

ಚಿತ್ರಗಳನ್ನು ಬಟ್ಟೆಯಾಗಿಸಿದ್ದು ಬ್ರಸೆಲ್ಸ್ ನಗರದ ಪೀಟರ್ ವಾನ್ ಆಲ್ಸ್ಟ್ ಎಂಬಾತನ ಕಾರ್ಖಾನೆ. ಆ ನೇಯ್ಗೆಯ ಬಗೆಯನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮ ಸಾಮಾನ್ಯ ಸೀರೆಯ ಮಗ್ಗದಲ್ಲಿ ಹೊಕ್ಕಿನ ನೂಲು ಈ ಅಂಚಿನಿಂದ ಆ ಅಂಚಿನವರೆಗೆ ಓಡುತ್ತದೆ. ಟ್ಯಾಪೆಸ್ಟ್ರಿಯಲ್ಲಿ ಹಾಗಲ್ಲ, ಒಂದೊಂದು ಬಣ್ಣದ ನೂಲೂ ತನಗೆ ಬೇಕಾದಷ್ಟು ಜಾಗದಲ್ಲಿ ಮಾತ್ರ ಹಿಂದೆ ಮುಂದೆ ಹೋಗಿ, ಹಾಸನ್ನು ಪೂರ್ತಿಯಾಗಿ ಮುಚ್ಚುತ್ತದೆ. ಉಣ್ಣೆ, ರೇಷ್ಮೆ ಮತ್ತು ಚಿನ್ನದ ಮುಲಾಮಿನ ಲೋಹದ ಎಳೆಗಳನ್ನು ಇದಕ್ಕೆ ಬಳಸುತ್ತಿದ್ದರು. ರಾಫೆಲ್‌ನ ಚಿತ್ರವನ್ನು ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ ಹಾಸಿನ ಕೆಳಗೆ ಇರಿಸಲಾಗುತ್ತಿತ್ತು. ನೇಕಾರನಿಗೆ ಕಾಣುತ್ತಿದ್ದುದು ಬಟ್ಟೆಯ ಹಿಂಬದಿ. ಆದ್ದರಿಂದ ಮುಂಬದಿಯಲ್ಲಿ ಚಿತ್ರವು ಕನ್ನಡಿಯಲ್ಲಿನಂತೆ ಎಡಬಲ ಬದಲಾಗಿ ಮೂಡುತ್ತಿತ್ತು. ಬಟ್ಟೆಯಲ್ಲಿ ಬಲಗೈಯಾಗಬೇಕಾದುದನ್ನು ಕಲಾವಿದನು ಕಾಗದದಲ್ಲಿ ಎಡಗೈಯಾಗಿ ಬರೆಯಬೇಕಿತ್ತು! ಕಾರ್ಟೂನುಗಳನ್ನು ನೋಡುವಾಗ ಇದನ್ನು ನಾವು ಮರೆಯಬಾರದು.

1519ರ ಡಿಸೆಂಬರ್ 26ರಂದು ಮೊದಲ ಏಳು ವಸ್ತ್ರಗಳನ್ನು ಮಂದಿರದಲ್ಲಿ ತೂಗುಹಾಕಲಾಯಿತು. ಅವನ್ನು ಕಂಡ ವೆನಿಸ್ಸಿನ ಮಾರ್ಕಾಂತೋನಿಯೊ ಮಿಕಿಯೆಲ್ ಬರೆದಿಟ್ಟಂತೆ, ಪ್ರತಿ ಚಿತ್ರಕ್ಕೆ ರಾಫೆಲ್‌ನಿಗೆ ಸಂದದ್ದು 100 ಡ್ಯೂಕಟ್. ಪ್ರತಿ ವಸ್ತ್ರದ ನೇಯ್ಗೆಗೆ ತಗುಲಿದ್ದು 1,500 ಡ್ಯೂಕಟ್. ಅಂದಿನ ಆಸ್ಥಾನಗಳ ಕಣ್ಣಿನಲ್ಲಿ ಕಾಗದದ ಚಿತ್ರವು ಕೇವಲ ಉಪಕರಣವಾಗಿತ್ತು, ವೈಭವವೆಲ್ಲ ಬಟ್ಟೆಯದು. ಮರುವರ್ಷದ ಏಪ್ರಿಲ್‌ನಲ್ಲಿ, 37ನೆಯ ವಯಸ್ಸಿನಲ್ಲಿ, ರಾಫೆಲ್ ತೀರಿಕೊಂಡನು. ಇಂದು ಎಲ್ಲರೂ ಅವನ ಹೆಸರನ್ನು ಹೇಳುತ್ತಾರೆ. ವರ್ಷಗಟ್ಟಲೆ ಮಗ್ಗದ ಮೇಲೆ ಬಾಗಿ ಕುಳಿತವರ ಹೆಸರುಗಳು ಈ ಕಥೆಯಲ್ಲಿ ಎಲ್ಲಿಯೂ ಕೇಳಿಬರುವುದಿಲ್ಲ. ಇದು ನಮಗೆ ನ್ಯಾಯವೆನಿಸದು.

ಮುಂದೆ ಬಟ್ಟೆಗೂ ಕಾಗದಕ್ಕೂ ಬೇರೆ ಬೇರೆ ಗತಿಯಾಯಿತು. 1527ರಲ್ಲಿ ರೋಮ್ ನಗರ ಲೂಟಿಯಾದಾಗ ಪೋಪರ ವಸ್ತ್ರಗಳು ಚದುರಿಹೋದವು. ಹಿಂದಿರುಗಿದಾಗ ಒಂದರ ಕೆಳಗಿನ ಅರ್ಧ ಭಾಗವೇ ಇರಲಿಲ್ಲ. ಇಂಗ್ಲೆಂಡಿನ ಎಂಟನೆಯ ಹೆನ್ರಿ, ಫ್ರಾನ್ಸಿನ ಮೊದಲನೆಯ ಫ್ರಾನ್ಸಿಸ್ ಮೊದಲಾದ ಅರಸರೂ ಇದೇ ಚಿತ್ರಗಳ ವಸ್ತ್ರಗಳನ್ನು ಹೊಂದಿದ್ದರು. ಫ್ರಾನ್ಸಿಸ್‌ನವು 1797ರಲ್ಲಿ ನಾಶವಾದವು. ಹೆನ್ರಿಯವು ಕೊನೆಗೆ ಬರ್ಲಿನ್ ಸೇರಿ 1945ರಲ್ಲಿ ಸುಟ್ಟುಹೋದವು.

ಕಾಗದದ ಪಟ್ಟಿಗಳನ್ನು 1623ರಲ್ಲಿ ಇಂಗ್ಲೆಂಡಿನ ಯುವರಾಜ ಚಾರ್ಲ್ಸ್ ಜಿನೋವಾದಿಂದ ತರಿಸಿಕೊಂಡನು. ಅದೂ ಕಲಾಪ್ರೇಮವೊಂದರಿಂದಲೇ ಅಲ್ಲ, ಲಂಡನ್ ಬಳಿಯ ಮಾರ್ಟ್‌ಲೇಕ್ ಕಾರ್ಖಾನೆಯಲ್ಲಿ ಮತ್ತೆ ನೇಯಿಸಲೆಂದು. ಹತ್ತರಲ್ಲಿ ಮೂರು ಆಗಲೇ ಕಳೆದುಹೋಗಿದ್ದವು. ಚಾರ್ಲ್ಸ್‌ನ ಶಿರಚ್ಛೇದದ ಬಳಿಕ ಅರಮನೆಯ ಕಲಾಸಂಗ್ರಹ ಹರಾಜಾದರೂ ಕ್ರಾಮ್‌ವೆಲ್ ಇವನ್ನು ಉಳಿಸಿಕೊಂಡನು. 1690ರ ದಶಕದಲ್ಲಿ, ಮೂರನೆಯ ವಿಲಿಯಂನ ಕಾಲದಲ್ಲಿ, ಪಟ್ಟಿಗಳನ್ನು ಜೋಡಿಸಿ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಪ್ರದರ್ಶಿಸಿದ ಮೇಲೆಯೇ ಉಪಕರಣವೆನಿಸಿದ್ದು ಕಲಾಕೃತಿಯೆನಿಸಿತು. ವಿಕ್ಟೋರಿಯಾ ರಾಣಿ 1865ರಲ್ಲಿ ಎರವಲಾಗಿ ಕೊಟ್ಟಂದಿನಿಂದ ಈ ಏಳೂ ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಎಂದು ಕರೆಯಲಾಗುವ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿವೆ. ವ್ಯಾಟಿಕನ್ನಿನ ವಸ್ತ್ರಗಳನ್ನು ರಾಫೆಲ್‌ನ 500ನೆಯ ಪುಣ್ಯತಿಥಿಯ ನಿಮಿತ್ತ 2020ರ ಫೆಬ್ರವರಿಯಲ್ಲಿ ಒಂದು ವಾರ ಸಿಸ್ಟೀನ್ ಮಂದಿರದಲ್ಲಿ ಪುನಃ ತೂಗುಹಾಕಲಾಗಿತ್ತು.

ಲಂಡನ್ನಿಗೆ ಹೋಗುವ ನಮ್ಮ ಓದುಗರು ಮೀನುಗಳ ಪವಾಡದ ಚಿತ್ರದ ಮುಂದೆ ತುಸು ನಿಲ್ಲಲಿ. ದೋಣಿಯಲ್ಲಿ ಕುಳಿತ ಏಸುವಿನ ಉಡುಗೆ ಬಿಳಿ. ಕೆಳಗೆ ನೀರಿನಲ್ಲಿ ಅದರ ನೆರಳು ಮಾತ್ರ ಕೆಂಪು. ಉಡುಗೆಗೆ ಬಳಸಿದ ಸಸ್ಯಮೂಲದ ಕೆಂಪು ಬೆಳಕಿಗೆ ಮಾಸಿತು, ನೆರಳಿಗೆ ಬಳಸಿದ ಬೇರೊಂದು ಕೆಂಪು ಉಳಿಯಿತು. ವ್ಯಾಟಿಕನ್ನಿನ ವಸ್ತ್ರದಲ್ಲಿ ಏಸುವಿನ ಉಡುಗೆ ಇಂದಿಗೂ ಕೆಂಪು. ಬ್ರಸೆಲ್ಸಿನ ಆ ನೇಕಾರರು ಕಂಡ ಬಣ್ಣ ಅದು.