ಬೇಕಲ ಕೋಟೆ, ಮೂರು ದಿನದ ರಜೆ

ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ಸೋದರಳಿಯನಿಗೆ ಡಿಸೆಂಬರ್ ಕೊನೆಗೆ ಮೂರು ದಿನ ರಜೆ. ಹೊಸ ಕ್ಯಾಮರಾ ಕೊಂಡಿದ್ದಾನೆ. "ಮಾವ, ಈ ಸಲ ನಮ್ಮ ಕಡೆಯ ಕೋಟೆಗಳ ಚಿತ್ರ ತೆಗೆಯಬೇಕೆಂದಿದ್ದೇನೆ. ಯಾವ ಹೊತ್ತಿಗೆ ಎಲ್ಲಿ ನಿಲ್ಲಬೇಕೆಂದು ಒಂದು ಪಟ್ಟಿ ಮಾಡಿಕೊಡಿ. ಜನ ಅಡ್ಡ ಬರುವ ಹೊತ್ತು ಬೇಡ" ಎಂದು ಫೋನಿನಲ್ಲಿ ಹೇಳಿದ. ಪಟ್ಟಿ ಮಾಡಲು ಕುಳಿತವನು ಇತಿಹಾಸಕ್ಕೆ ಹೋಗಿ ಬಿದ್ದೆ. ಅದರಲ್ಲಿ ನನ್ನ ತಪ್ಪೇನೂ ಇಲ್ಲವೆಂದು ಈಗಲೂ ವಾದಿಸುತ್ತೇನೆ. ಕೋಟೆ ಕಟ್ಟುವವನೂ ಚಿತ್ರ ತೆಗೆಯುವವನೂ ಹುಡುಕುವ ಜಾಗ ಒಂದೇ. ಅಲ್ಲಿ ನಿಂತರೆ ದೂರದ ತನಕ ಕಾಣಬೇಕು, ನಡುವೆ ಏನೂ ಅಡ್ಡವಿರಬಾರದು.

ಮೊದಲ ದಿನದ ಸಂಜೆಗೆ ಚಂದ್ರಗಿರಿ ಕೋಟೆಯನ್ನು ಇಟ್ಟೆ. ಕಾಸರಗೋಡು ಪೇಟೆಯಿಂದ ತೆಂಕಕ್ಕೆ ಸೇತುವೆ ದಾಟಿದರೆ ಹೊಳೆಯ ದಡದ ಗುಡ್ಡೆಯ ಮೇಲೆ ಇದೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಬರುವ ಪಯಸ್ವಿನಿ ಇಲ್ಲಿ ಚಂದ್ರಗಿರಿ ಹೊಳೆಯಾಗಿ ಕಡಲು ಸೇರುತ್ತದೆ. ಕೋಟೆಯ ಗೋಡೆಯ ಮೇಲೆ ನಿಂತವನಿಗೆ ಪಡುವಲಿಗೆ ಅಳಿವೆ, ಕೆಳಗೆ ತೆಂಗಿನ ತೋಟಗಳು, ಹೊಳೆಯ ಮೇಲೆ ರೈಲಿನ ಸೇತುವೆ. ರೈಲು ಮಂಗಳೂರಿಗೆ ತಲುಪಿದ್ದು 1907ರಲ್ಲಿ. ಗಾಡಿ ಸೇತುವೆಯ ಮೇಲಿರುವಾಗ ಚಿತ್ರ ತೆಗೆಯಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಅಳಿಯನೂ ಅದನ್ನೇ ಕೇಳಿದ.

ನಾನು ಅವನಿಗೆ ಹೇಳಿದ್ದು ಬೇರೆ. ಈ ಹೊಳೆಯನ್ನು ತುಳುನಾಡಿನ ತೆಂಕಣ ಗಡಿಯೆಂದು ಹಿಂದಿನವರು ಎಣಿಸಿದ್ದರು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯಿಂದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟಾಗ, ಚಂದ್ರಗಿರಿ ಹೊಳೆಯ ಬಡಗಣ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಬರೆಯಿತು. ಅದು ಕಾಗದದ ಮೇಲೆಯೇ ಉಳಿಯಿತು. ಆದರೆ ಆಯೋಗ ಗೆರೆ ಎಳೆದ ಹೊಳೆಯನ್ನು ಕೋಟೆಯ ಮೇಲಿನಿಂದ ನೋಡಿದರೆ ಎರಡೂ ದಡಗಳಲ್ಲಿ ಒಂದೇ ತೆಂಗು, ಒಂದೇ ಹೆಂಚಿನ ಮಾಡು. ಬಡಗಣ ದಡದಲ್ಲಿ ಮಲಯಾಳ ಮಾತಾಡುವ ಮನೆಗಳಿವೆ, ತೆಂಕಣ ದಡದಾಚೆ ಕನ್ನಡ ಮಾತಾಡುವ ಮನೆಗಳಿವೆ. ಈ ಕೋಟೆ ಕಟ್ಟಿಸಿದವನೆಂದು ಹೇಳಲಾಗುವ ಕೆಳದಿಯ ಶಿವಪ್ಪನಾಯಕನಿಗಂತೂ ಹೊಳೆ ಗಡಿಯಾಗಿರಲಿಲ್ಲ. ಅವನ ದಂಡು ಅದನ್ನು ದಾಟಿಯೇ ತೆಂಕಕ್ಕೆ ಹೋಯಿತು.

ಎರಡನೆಯ ದಿನ ಪೂರ್ತಿ ಬೇಕಲಕ್ಕೆ. ಶಿವಪ್ಪನಾಯಕ ಆಳಿದ್ದು 1645ರಿಂದ 1660ರ ತನಕ. ರಾಜಧಾನಿ ಬಿದನೂರು, ಈಗಿನ ನಗರ. ಮಲೆನಾಡಿನಲ್ಲಿ ಕುಳಿತವನಿಗೆ ಈ ಕಡಲಂಚು ಯಾಕೆ ಬೇಕಾಗಿತ್ತೆಂದರೆ, ಕರಿಮೆಣಸು ಮತ್ತು ಅಕ್ಕಿ ಹಡಗು ಹತ್ತುವುದು ಇಲ್ಲಿನ ಬಂದರುಗಳಲ್ಲಿ. ಹಡಗು ಕಾಣುವ ಜಾಗ ಕೈಯಲ್ಲಿದ್ದರೆ ಸುಂಕ ಕೈಯಲ್ಲಿದ್ದಂತೆ. ಅವನಿಗಿಂತ ಮುಂಚೆ ಕೋಲತ್ತಿರಿಗಳ ಕಾಲದಲ್ಲೇ ಇಲ್ಲೊಂದು ಕೋಟೆ ಇತ್ತು, ನಾಯಕರು ಅದನ್ನು ಬಲಪಡಿಸಿದರಷ್ಟೇ ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಈ ಜಗಳದಲ್ಲಿ ಕನ್ನಡದವರು ಒಂದು ಕಡೆ, ಮಲಯಾಳದವರು ಇನ್ನೊಂದು ಕಡೆ ನಿಲ್ಲುವುದನ್ನು ಸಭೆಗಳಲ್ಲಿ ಕಂಡಿದ್ದೇನೆ. ನನ್ನ ಮಟ್ಟಿಗೆ ಎರಡೂ ನಿಜವಾಗಿರಬಹುದು. ಒಳ್ಳೆಯ ಜಾಗವನ್ನು ಒಬ್ಬನೇ ಕಂಡಿರಬೇಕೆಂದೇನಿಲ್ಲ.

1763ರಲ್ಲಿ ಬಿದನೂರು ಹೈದರಾಲಿಯ ಕೈಗೆ ಬಿದ್ದ ಮೇಲೆ ಬೇಕಲವೂ ಮೈಸೂರಿನದಾಯಿತು. 1799ರಲ್ಲಿ ಟಿಪ್ಪು ಸತ್ತ ಬಳಿಕ ಇಂಗ್ಲಿಷರದು. ಬೇಕಲ ಎಂಬುದು ಒಂದು ತಾಲೂಕಿನ ಹೆಸರೂ ಆಗಿತ್ತು. ಮುಂದೆ ಆ ಮರ್ಯಾದೆ ಕಾಸರಗೋಡಿಗೆ ಹೋಯಿತು.

ಕೋಟೆಯ ಹೊರಗೋಡೆಯ ಕೋವಿಕಿಂಡಿಗಳನ್ನು ಅಳಿಯ ತಪ್ಪದೆ ನೋಡಬೇಕೆಂದು ಪಟ್ಟಿಯಲ್ಲಿ ಗೆರೆ ಎಳೆದು ಬರೆದೆ. ಮೇಲಿನ ಕಿಂಡಿ ದೂರದ ಶತ್ರುವಿಗೆ, ಅದರ ಕೆಳಗಿನದು ಹತ್ತಿರ ಬಂದವನಿಗೆ, ಎಲ್ಲಕ್ಕಿಂತ ಕೆಳಗಿನದು ಗೋಡೆಯ ಬುಡಕ್ಕೇ ಬಂದವನಿಗೆ. ಒಂದೊಂದಕ್ಕೂ ಕಣ್ಣಿಟ್ಟು ನೋಡಿ. ಒಂದರಲ್ಲಿ ಬಾನಿನಂಚು, ಇನ್ನೊಂದರಲ್ಲಿ ಮರಳು, ಮತ್ತೊಂದರಲ್ಲಿ ಹುಲ್ಲು ಮತ್ತು ಕಲ್ಲು. ಚಿತ್ರಕ್ಕೆ ಚೌಕಟ್ಟು ಹಾಕುವುದನ್ನು ಕಲಿಸಲು ಬೇರೆ ಪಾಠ ಬೇಡ. ನಡುವಿನ ವೀಕ್ಷಣಾ ಬುರುಜಿಗೆ ಮೆಟ್ಟಿಲಿಲ್ಲ, ಇಳಿಜಾರು ದಾರಿ. ಮೇಲೆ ಹೋದರೆ ಕಾಞಂಗಾಡು, ಪಳ್ಳಿಕ್ಕೆರೆ, ಕೋಟಿಕುಳಂ, ಉದುಮ ಎಲ್ಲ ಕಾಣುತ್ತವೆ.

ಇಡೀ ಕೋಟೆ ಮುರಕಲ್ಲಿನದು. ಮಲಯಾಳದಲ್ಲಿ ಚೆಂಗಲ್ಲು. ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕಾನನ್. 1800ರ ಕೊನೆಗೆ ಮಲಬಾರಿನ ಅಂಗಾಡಿಪ್ಪುರದಲ್ಲಿ ಇದನ್ನು ಗಮನಿಸಿದ. ಅಗೆಯುವಾಗ ಮೆದು, ಗಾಳಿಗೆ ಒಣಗಿದರೆ ಗಟ್ಟಿ. ಊರವರು ಇದನ್ನು ಇಟ್ಟಿಗೆ ಕಲ್ಲು ಎನ್ನುವುದನ್ನು ಕೇಳಿ, ಇಟ್ಟಿಗೆಯ ಲ್ಯಾಟಿನ್ ಶಬ್ದದಿಂದ ಹೆಸರು ಮಾಡಿದ. ಮುಂದಿನ ತಿಂಗಳು, 1801ರ ಜನವರಿಯಲ್ಲಿ, ನಮ್ಮ ಕರಾವಳಿಯ ದಾರಿಯಾಗಿ ಮಂಗಳೂರಿಗೆ ಹೋದ. ಆಗ ಕೋಟೆ ಇಂಗ್ಲಿಷರ ಕೈಗೆ ಬಂದು ಎರಡು ವರ್ಷವೂ ಆಗಿರಲಿಲ್ಲ.

ಮುರಕಲ್ಲಿನ ಮೈಯಲ್ಲಿ ತೂತುಗಳು ಬಹಳ. ನಡುಮಧ್ಯಾಹ್ನದ ಬಿಸಿಲಿಗೆ ಗೋಡೆ ಚಪ್ಪಟೆಯಾಗಿ ಕಾಣುತ್ತದೆ. ಬೆಳಗ್ಗೆ ಬಾಗಿಲು ತೆರೆದ ಕೂಡಲೆ ಹೋದರೆ ಓರೆ ಬಿಸಿಲಿಗೆ ಒಂದೊಂದು ತೂತಿನಲ್ಲೂ ನೆರಳು ನಿಂತು ಕಲ್ಲು ಕಲ್ಲಾಗಿ ಕಾಣುತ್ತದೆ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಮುಳುಗುವುದು ಆರು ಗಂಟೆ ದಾಟಿ ಹತ್ತು ಹದಿನೈದು ನಿಮಿಷಕ್ಕೆ, ನೈಋತ್ಯದ ಕಡೆ. ಹಾಗಾಗಿ ಸಂಜೆಗೆ ಕೋಟೆಯೊಳಗೆ ನಿಲ್ಲದೆ ತೆಂಕಕ್ಕಿರುವ ಪಳ್ಳಿಕ್ಕೆರೆಯ ಮರಳಿಗೆ ಇಳಿಯಬೇಕು. ಕೊನೆಯ ಬೆಳಕು ಕೋಟೆಯ ತೆಂಕಣ ಗೋಡೆಗೆ ನೇರವಾಗಿ ಬೀಳುತ್ತದೆ. ಮೂರು ಕಾಲಿನ ಸ್ಟ್ಯಾಂಡು ಕೋಟೆಯೊಳಗೆ ಒಯ್ಯುವುದಿದ್ದರೆ ಪುರಾತತ್ತ್ವ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು. ಉಪ್ಪುಗಾಳಿಗೆ ಲೆನ್ಸು ಮಂಜಾಗುತ್ತದೆ, ಹಳೆಯ ಹತ್ತಿಬಟ್ಟೆ ಕಿಸೆಯಲ್ಲಿರಲಿ.

1995ರಲ್ಲಿ ಮಣಿರತ್ನಂ ಅವರ ‘ಬೊಂಬಾಯಿ’ ಚಿತ್ರ ಬಂದಿತು. ಅದರ ಒಂದು ಹಾಡನ್ನು ಈ ಕೋಟೆಯಲ್ಲಿ ಮಳೆಗಾಲದ ಬೆಳಕಿನಲ್ಲಿ ತೆಗೆದಿದ್ದರು. ಕ್ಯಾಮರಾ ಹಿಡಿದವರು ರಾಜೀವ್ ಮೆನನ್. ಪಾಚಿಗಟ್ಟಿದ ಗೋಡೆ, ಕೆರಳಿದ ಕಡಲು. ಆ ಮೇಲೆ ಬಂದವರೆಲ್ಲ ಆ ಚಿತ್ರವನ್ನೇ ಹುಡುಕುತ್ತಾರೆ. ಅದೇ ವರ್ಷ ಬೇಕಲದ ಪ್ರವಾಸೋದ್ಯಮಕ್ಕೆಂದು ಸರಕಾರದ ನಿಗಮವೂ ಆಯಿತು. ಒಳ್ಳೆಯದೇ ಆಗಿರಬಹುದು. ಆದರೆ ಕೋಟೆಯ ಬಾಗಿಲಲ್ಲೇ ಇರುವ ಆಂಜನೇಯನ ಗುಡಿ, ಹತ್ತಿರದ ಹಳೆಯ ಮಸೀದಿ, ನಾಯಕರ ದಂಡಿನೊಂದಿಗೆ ಬಂದು ಇಲ್ಲೇ ನಿಂತ ರಾಮಕ್ಷತ್ರಿಯರ ಮನೆಗಳು, ಇವು ಯಾರ ಚಿತ್ರಕ್ಕೂ ಬರುವುದಿಲ್ಲ. ಆ ಮನೆಗಳಲ್ಲಿ ಇನ್ನೂ ಕನ್ನಡವಿದೆ, ಮಕ್ಕಳು ಬೀದಿಯಲ್ಲಿ ಮಲಯಾಳದಲ್ಲಿ ಆಡುತ್ತಾರೆ.

ಜನ ಅಡ್ಡ ಬರಬಾರದು ಎಂದ ಅಳಿಯನಿಗೆ ನಾನೊಂದು ಹಳೆಯ ಚಿತ್ರ ಕಳುಹಿಸಿದೆ. ಕಪ್ಪು ಬಿಳುಪಿನದು. ಅವನ ತಾಯಿ, ಎಂದರೆ ನನ್ನ ಅಕ್ಕ, ಮದುವೆಗೆ ಮುಂಚೆ ನಮ್ಮ ಮನೆಯ ಹಿಂದಿನ ಪಾರೆಯ ಮೇಲೆ ನಿಂತಿದ್ದಾಳೆ. ತೆಗೆದವರಿಗೆ ಬೇಕಾಗಿದ್ದದ್ದು ಅಕ್ಕನ ಮುಖ ಮಾತ್ರ. ಹಿಂದೆ ಉದ್ದಕ್ಕೆ ಗುಡ್ಡೆ, ಅದರ ತುದಿಯಲ್ಲಿ ಒಂಟಿ ಮರ. "ಅಮ್ಮನ ಹಿಂದೆ ಇರುವುದು ಯಾವ ಊರು ಮಾವ?" ಎಂದು ಕೇಳಿದ. ಅವನು ಪ್ರತಿ ರಜೆಗೂ ಆ ದಾರಿಯಲ್ಲೇ ಬರುತ್ತಾನೆ. ಗುಡ್ಡೆಯನ್ನು ಕಲ್ಲಿಗಾಗಿ ಕಡಿದು ಕಡಿದು ಈಗ ಅಲ್ಲಿ ಹೊಂಡವಿದೆ, ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಇತ್ತೀಚೆಗೆ ರಾಷ್ಟ್ರೀಯ ಹೆದ್ದಾರಿ 66ನ್ನು ಅಗಲ ಮಾಡುವಾಗಲೂ ಜಿಲ್ಲೆಯ ಎಷ್ಟೋ ಗುಡ್ಡೆಗಳನ್ನು ಸೀಳಿದರು. ಅಕ್ಕ ನಿಂತಿರದಿದ್ದರೆ ಆ ಚಿತ್ರವನ್ನು ಯಾರೂ ಜೋಪಾನ ಮಾಡುತ್ತಿರಲಿಲ್ಲ, ನಮ್ಮ ಗುಡ್ಡೆಯ ಗುರುತೂ ಉಳಿಯುತ್ತಿರಲಿಲ್ಲ. ಅಳಿಯ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ಮೇಲೆ, ಹೊಂಡದ ಹತ್ತಿರ ಎಷ್ಟು ಗಂಟೆಗೆ ಬೆಳಕು ಒಳ್ಳೆಯದಿರುತ್ತದೆ ಎಂದ. ಮೊದಲ ದಿನದ ಬೆಳಗ್ಗೆ ಖಾಲಿಯಿತ್ತು, ಅಲ್ಲಿ ಸೇರಿಸಿದೆ.

ಮೂರನೆಯ ದಿನ ಹೆಚ್ಚೇನಿಲ್ಲ. ಕಾಞಂಗಾಡಿನ ಕೋಟೆಯ ಉಳಿದ ದುಂಡು ಕೊತ್ತಳಗಳನ್ನು ಬೆಳಗಿನ ಏಳೂವರೆಗೆ ನೋಡಿದರೆ ಸಾಕು. ಅದು ಸೋಮಶೇಖರ ನಾಯಕನದೆಂದು ಹೇಳುತ್ತಾರೆ. ಹಳೆಯ ಕೋಟೆಗಳಿಗೆ ಹೋಲಿಸಿ ಇದಕ್ಕೆ ಹೊಸದುರ್ಗವೆಂದು ಹೆಸರಾಯಿತು. ಮಲಯಾಳದಲ್ಲಿ ಅದನ್ನೇ ಪುದಿಯಕೋಟ ಎನ್ನುತ್ತಾರೆ, ಅರ್ಥದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಚಿತ್ರದ ಅಡಿಯಲ್ಲಿ ಯಾವ ಹೆಸರು ಬರೆಯಲಿ ಎಂದು ಅಳಿಯ ಕೇಳಿದ. ಎರಡನ್ನೂ ಬರೆ, ಅದರ ಮುಂದೆ ತಾರೀಕನ್ನೂ ಹಾಕು ಎಂದೆ. ಮಧ್ಯಾಹ್ನದ ಗಾಡಿಗೆ ಕಾಞಂಗಾಡಿನಿಂದಲೇ ಟಿಕೆಟು ಮಾಡಿಸಿದ್ದಾನಂತೆ.