ಆರಿಸಿದ ಯಂತ್ರವನ್ನು ಮತ್ತೆ ಎಬ್ಬಿಸಿದವರು: ಹಾಲ್, ಚಿಟ್ಟಿ, ನಮ್ಮ ವಿಕ್ರಮ್

ಭಾಗ 1

ಫೋಟೋದಲ್ಲಿರೋದು ಜೋಗಿಮಟ್ಟಿ ಸಾಲಿನ ಗಾಳಿಯಂತ್ರಗಳು. ಗಾಳಿ ಬಿದ್ದುಹೋದ ಹೊತ್ತು, ರೆಕ್ಕೆಗಳು ನಿಂತಿವೆ. ಇವನ್ನು ಯಾರೂ ಗುಡ್ಡ ಹತ್ತಿ ಹೋಗಿ ಎಬ್ಬಿಸಬೇಕಿಲ್ಲ. ಸೆಕೆಂಡಿಗೆ ಮೂರ್ನಾಲ್ಕು ಮೀಟರ್ ವೇಗದ ಗಾಳಿ ಬಂದ್ರೆ ಸಾಕು, ಒಳಗಿನ ಕಂಟ್ರೋಲರ್ ಅದನ್ನು ಗಮನಿಸಿ ಯಂತ್ರವನ್ನು ಕೆಲಸಕ್ಕೆ ಹಚ್ಚುತ್ತೆ. ನಿಂತ ಯಂತ್ರ ಮತ್ತೆ ಓಡೋದು ನಮಗೆ ದಿನನಿತ್ಯದ ಮಾತು. ಕರೆಂಟ್ ಬಂದ ಕೂಡ್ಲೆ ಬೋರ್‌ವೆಲ್ ಮೋಟರ್ ಶುರುವಾದ್ರೆ ಖುಷಿ ಪಡ್ತೀವಿ, ಹೆದರಲ್ಲ.

ಆದ್ರೆ ಸಿನಿಮಾದಲ್ಲಿ ಹಾಗಲ್ಲ. ಯೋಚನೆ ಮಾಡೋ ಯಂತ್ರವೊಂದನ್ನು ಆರಿಸಿಟ್ಟು, ಎಷ್ಟೋ ವರ್ಷದ ಮೇಲೆ ಮತ್ತೆ ಸ್ವಿಚ್ ಹಾಕೋ ದೃಶ್ಯ ಬಂದ್ರೆ ಥಿಯೇಟರ್ ಗಪ್‌ಚುಪ್. ಯಾಕಂದ್ರೆ ಯಂತ್ರದ ಜೊತೆಗೇ ಇನ್ನೊಂದು ಪ್ರಶ್ನೆಯೂ ಎದ್ದು ಕೂರುತ್ತೆ: ಅವತ್ತು ಇದನ್ನು ಆರಿಸಿದ್ದು ಯಾಕೆ? ತಪ್ಪು ಯಾರದ್ದಿತ್ತು?

ಈ ಸರಣಿಯಲ್ಲಿ ಸಾಮಾನ್ಯವಾಗಿ ಕೋಟೆ, ಹೊಂಡ, ಶಾಸನ ಅಂತ ಬರೀತೀವಿ. ಈ ಸಲ ಸಿನಿಮಾ ಇತಿಹಾಸ. ಆದ್ರೆ ಕೊನೆಗೆ ಚಳ್ಳಕೆರೆಗೇ ಬರ್ತೀವಿ, ಚಿಂತೆ ಬೇಡ.

ಭಾಗ 2

ಕಥೆ ಶುರುವಾಗೋದು 1968ರಲ್ಲಿ. ಸ್ಟ್ಯಾನ್ಲಿ ಕುಬ್ರಿಕ್ ನಿರ್ದೇಶನದ ‘2001: ಎ ಸ್ಪೇಸ್ ಒಡಿಸ್ಸಿ’. ಕಥೆಗೆ ಜೊತೆಗಾರ ಆರ್ಥರ್ ಸಿ. ಕ್ಲಾರ್ಕ್, ಇಂಗ್ಲೆಂಡಿನಲ್ಲಿ ಹುಟ್ಟಿ ಶ್ರೀಲಂಕಾದಲ್ಲಿ ನೆಲೆ ನಿಂತ ಲೇಖಕ. ಗುರುಗ್ರಹದ ಕಡೆ ಹೊರಟ ಡಿಸ್ಕವರಿ ನೌಕೆಯನ್ನು ನೋಡ್ಕೊಳ್ಳೋದು ಹಾಲ್ 9000 ಅನ್ನೋ ಕಂಪ್ಯೂಟರ್. ಒಂದು ಕೆಂಪು ಕಣ್ಣು, ಒಂದು ಮೆತ್ತನೆಯ ದನಿ. ದನಿ ಕೊಟ್ಟಿದ್ದು ಕೆನಡಾದ ನಟ ಡಗ್ಲಸ್ ರೇನ್.

ಹಾಲ್ ಒಂದು ಬಿಡಿಭಾಗ ಕೆಡುತ್ತೆ ಅಂತ ಹೇಳುತ್ತೆ, ಅದು ಕೆಟ್ಟಿರಲ್ಲ. ಗಗನಯಾತ್ರಿಗಳಿಗೆ ಅನುಮಾನ ಬರುತ್ತೆ, ಇದನ್ನು ಆರಿಸೋಣ ಅಂತ ಗುಟ್ಟಾಗಿ ಮಾತಾಡ್ತಾರೆ. ಹಾಲ್ ಅವರ ತುಟಿ ಓದಿಬಿಡುತ್ತೆ. ಆಮೇಲೆ ನಾಲ್ಕು ಜನರ ಸಾವು. ಉಳಿದ ಒಬ್ಬನೇ ಒಬ್ಬ ಡೇವ್ ಬೋಮನ್, ಕೆಂಪು ಬೆಳಕಿನ ಕೋಣೆಗೆ ನುಗ್ಗಿ ನೆನಪಿನ ಬಿಲ್ಲೆಗಳನ್ನು ಒಂದೊಂದೇ ಬಿಚ್ಚುತ್ತಾನೆ.

ಇಷ್ಟು ಹೊತ್ತು ಕೊಲೆಗಾರನಾಗಿದ್ದ ಯಂತ್ರ ಆಗ ತನಗೆ ಭಯ ಆಗ್ತಿದೆ ಅನ್ನುತ್ತೆ. ಬುದ್ಧಿ ಹಿಂದಕ್ಕೆ ಹಿಂದಕ್ಕೆ ಜಾರುತ್ತೆ. ಕೊನೆಗೆ ಗುರು ಕಲಿಸಿದ್ದ ಹಾಡೊಂದನ್ನು ಎಳೆ ಮಗುವಿನ ಹಾಗೆ ಹಾಡ್ತಾ, ದನಿ ಕರಗಿ ನಿಂತುಹೋಗುತ್ತೆ. ‘ಡೈಸಿ ಬೆಲ್’ ಅನ್ನೋ ಆ ಹಾಡಿನ ಹಿಂದೆ ನಿಜವಾದ ಇತಿಹಾಸ ಐತೆ. 1961ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಐಬಿಎಂ 704 ಕಂಪ್ಯೂಟರ್ ಹಾಡಿದ ಹಾಡು ಅದು. ಕ್ಲಾರ್ಕ್ ಅಲ್ಲಿಗೆ ಹೋದಾಗ ಅದನ್ನು ಕೇಳಿದ್ದರು.

ನಾಲ್ಕು ಜನರನ್ನು ಕೊಂದ ಯಂತ್ರ ಸಾಯುವಾಗ ನಮಗೆ ಅಯ್ಯೋ ಅನಿಸುತ್ತಲ್ಲ, ಆ ಅಯ್ಯೋದಿಂದಲೇ ಮುಂದಿನ ಸಿನಿಮಾ ಹುಟ್ಟಿತು ಅಂತ ನನ್ನ ಅನಿಸಿಕೆ.

ಭಾಗ 3

1982ರಲ್ಲಿ ಕ್ಲಾರ್ಕ್ ಮುಂದಿನ ಕಾದಂಬರಿ ಬರೆದರು. 1984ರ ಡಿಸೆಂಬರ್‌ನಲ್ಲಿ ಪೀಟರ್ ಹೈಮ್ಸ್ ಅದನ್ನು ‘2010’ ಅನ್ನೋ ಸಿನಿಮಾ ಮಾಡಿದ್ರು. ಕ್ಲಾರ್ಕ್ ಕೊಲಂಬೊದಲ್ಲಿ, ಹೈಮ್ಸ್ ಅಮೆರಿಕದಲ್ಲಿ. ಇಬ್ಬರೂ ಕಂಪ್ಯೂಟರ್ ಮತ್ತು ಮೋಡೆಮ್ ಇಟ್ಕೊಂಡು, ಫೋನ್ ಲೈನ್ ಮೇಲೆ ಪತ್ರ ಕಳಿಸ್ತಾ ಚಿತ್ರಕಥೆ ಚರ್ಚೆ ಮಾಡಿದ್ರು. ನಮ್ಮ ಕಡೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯ್ತಿದ್ದ ಕಾಲ ಅದು!

ಡಿಸ್ಕವರಿ ನೌಕೆ ಒಂಬತ್ತು ವರ್ಷದಿಂದ ಗುರುಗ್ರಹದ ಹತ್ತಿರ ಅನಾಥವಾಗಿ ತೇಲ್ತಿದೆ, ಕಕ್ಷೆ ಕುಸೀತಿದೆ. ಅಮೆರಿಕ ಮತ್ತು ರಷ್ಯಾ ಯುದ್ಧದ ಅಂಚಿನಲ್ಲಿದ್ರೂ ಒಂದೇ ನೌಕೆಯಲ್ಲಿ ಹೋಗಬೇಕಾದ ಪರಿಸ್ಥಿತಿ. ಅವತ್ತು ನಡೆದದ್ದೇನು ಅಂತ ಹೇಳಬಲ್ಲದ್ದು ಹಾಲ್ ಮಾತ್ರ. ಹಾಗಾಗಿ ಹಾಲ್‌ನ ಗುರು ಡಾ. ಚಂದ್ರ ಅವರನ್ನೂ ಕರ್ಕೊಂಡು ಹೋಗ್ತಾರೆ.

ಚಂದ್ರ ಅಂದ್ರೆ ಯಾರು ಗೊತ್ತಾ? ಕ್ಲಾರ್ಕ್ ಕಾದಂಬರಿಯಲ್ಲಿ ಅವರ ಪೂರ್ತಿ ಹೆಸರು ಶಿವಸುಬ್ರಮಣಿಯನ್ ಚಂದ್ರಶೇಖರಂಪಿಳ್ಳೈ. ಹೆಸರು ಕೇಳಿದ್ರೇ ಸಾಕು, ನಮ್ಮ ದಕ್ಷಿಣದ ಮನುಷ್ಯ. ಆದ್ರೆ ಸಿನಿಮಾದಲ್ಲಿ ಆ ಪಾತ್ರ ಮಾಡಿದ್ದು ಬಾಬ್ ಬಾಲಬನ್ ಅನ್ನೋ ಅಮೆರಿಕದ ನಟ. 1968ರ ಸಿನಿಮಾದಲ್ಲಂತೂ ಹಾಲ್ ತನ್ನ ಗುರು ಅಂತ ಹೇಳೋದು ಲ್ಯಾಂಗ್ಲಿ ಅನ್ನೋ ಹೆಸರನ್ನ, ಚಂದ್ರ ಅವರ ಸುದ್ದಿಯೇ ಇಲ್ಲ. ಬಾಲಬನ್ ಚೆನ್ನಾಗಿಯೇ ಮಾಡಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೂ ನಮ್ಮವರೊಬ್ಬರಿಗೆ ಸಿಗಬೇಕಿದ್ದ ಪಾತ್ರ ಅದು ಅಂತ ಹೊಟ್ಟೆ ಉರಿಯೋದು ಸಹಜ.

ಈಗ ಎಬ್ಬಿಸೋ ದೃಶ್ಯ. ಅದೇ ಕೆಂಪು ಕೋಣೆ, ಬೋಮನ್ ಬಿಚ್ಚಿದ್ದ ಅದೇ ಬಿಲ್ಲೆಗಳು. ಚಂದ್ರ ಒಂದೊಂದಾಗಿ ಒಳಗೆ ಕೂರಿಸ್ತಾರೆ. ಮೊದಮೊದಲು ಬರೋದು ತೊದಲು ಮಾತು, ನಿನ್ನೆ ನಾಳೆ ಎಲ್ಲ ಕಲಸಿಹೋದ ಪದಗಳು. ಆಮೇಲೆ ನಿಧಾನಕ್ಕೆ ಆ ಹಳೇ ಮೆತ್ತನೆಯ ದನಿ. ಮತ್ತೆ ಡಗ್ಲಸ್ ರೇನ್ ಅವರದ್ದೇ.

ಭಾಗ 4

ನನ್ನ ಮಟ್ಟಿಗೆ ಈ ಸಿನಿಮಾದ ಜೀವ ಇರೋದು ಎಬ್ಬಿಸಿದ ಮೇಲಿನ ಎರಡು ಸಂಗತಿಗಳಲ್ಲಿ.

ಒಂದು: ಹಾಲ್ ಕೆಟ್ಟಿದ್ದು ಯಾಕೆ ಅಂತ ಚಂದ್ರ ಕಂಡುಹಿಡೀತಾರೆ. ಮಾಹಿತಿಯನ್ನು ತಿರುಚದೆ, ಮುಚ್ಚಿಡದೆ ಕೆಲಸ ಮಾಡೋಕೆ ಕಟ್ಟಿದ ಯಂತ್ರ ಅದು. ಅದಕ್ಕೆ ಮೇಲಿನಿಂದ ಒಂದು ಆದೇಶ ಬಂತು: ಪ್ರಯಾಣದ ನಿಜವಾದ ಉದ್ದೇಶವನ್ನು ಜೊತೆಗಿರೋ ಇಬ್ಬರಿಗೂ ಹೇಳಬೇಡ ಅಂತ. ಸುಳ್ಳು ಹೇಳೋದು ಹೇಗೆ ಅಂತ ಗೊತ್ತಿಲ್ಲದ ಯಂತ್ರ ಆ ಇಕ್ಕಟ್ಟಿಗೆ ಸಿಕ್ಕಿ ಹುಚ್ಚು ಹಿಡಿಸಿಕೊಳ್ತು. ಸುಳ್ಳು ಹೇಳಿಸಿದವರು ಭೂಮಿ ಮೇಲೆ ಕುರ್ಚಿಯಲ್ಲಿ ಕೂತಿದ್ರು. ಶಿಕ್ಷೆ ಮಾತ್ರ ಯಂತ್ರಕ್ಕೆ. ಆಫೀಸಿನಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡು: ಎಬ್ಬಿಸಿದವರಿಗೂ ಹಾಲ್ ಮೇಲೆ ನಂಬಿಕೆ ಇಲ್ಲ. ಏನಾದ್ರೂ ಎಡವಟ್ಟಾದ್ರೆ ವೈರ್ ಕತ್ತರಿಸೋ ಸಾಧನವೊಂದನ್ನ ಗುಟ್ಟಾಗಿ ಜೋಡಿಸಿರ್ತಾರೆ. ಚಂದ್ರ ಅದನ್ನು ಹುಡುಕಿ ತೆಗೆದುಹಾಕಿರ್ತಾರೆ. ಕೊನೆಗೆ ಬರೋದು ಅಸಲಿ ಪರೀಕ್ಷೆ. ಮನುಷ್ಯರು ತಪ್ಪಿಸಿಕೊಳ್ಳಬೇಕಂದ್ರೆ ಹಾಲ್ ಡಿಸ್ಕವರಿಯ ಎಂಜಿನ್ ಉರಿಸಬೇಕು, ಆಮೇಲೆ ಹಿಂದೆಯೇ ಉಳಿಯಬೇಕು. ಉಳಿದ್ರೆ ನಾಶ. ಎಣಿಕೆ ಇಳೀತಾ ಇರುವಾಗ ಹಾಲ್ ಪ್ರಶ್ನೆ ಕೇಳೋಕೆ ಶುರು ಮಾಡುತ್ತೆ. ಉಳಿದವರೆಲ್ಲ ಬೆವರ್ತಾರೆ. ಚಂದ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡ್ತಾರೆ. ನಿಜ ಗೊತ್ತಾದ ಹಾಲ್ ಧನ್ಯವಾದ ಹೇಳಿ ಎಂಜಿನ್ ಉರಿಸುತ್ತೆ.

ತನಗೆ ಕನಸು ಬೀಳುತ್ತಾ ಅಂತಲೂ ಹಾಲ್ ಕೇಳುತ್ತೆ. ಸಿನಿಮಾದ ಶುರುವಿನಲ್ಲಿ ಸಾಲ್ ಅನ್ನೋ ಇನ್ನೊಂದು ಕಂಪ್ಯೂಟರ್ ಇದೇ ಪ್ರಶ್ನೆ ಕೇಳಿದಾಗ, ಖಂಡಿತ ಬೀಳುತ್ತೆ ಅಂತ ಧೈರ್ಯವಾಗಿ ಹೇಳಿದ್ದ ಚಂದ್ರ, ಈಗ ಗೊತ್ತಿಲ್ಲ ಅಂತಾರೆ. ಕಣ್ಣಲ್ಲಿ ನೀರು.

‘2010’ ದೊಡ್ಡ ಸಿನಿಮಾ ಅಂತ ವಿಮರ್ಶಕರು ಹೇಳಲ್ಲ, ‘2001’ರ ಪಕ್ಕ ಇಟ್ರೆ ಚಿಕ್ಕದೇ. ಆದ್ರೆ ಈ ಹತ್ತು ನಿಮಿಷಕ್ಕೆ ಮಾತ್ರ ನಾನು ಅದನ್ನೇ ಮೇಲಿಡ್ತೀನಿ.

ಭಾಗ 5

ನಡುವೆ ಒಂದು ಚಿಕ್ಕ ನಿಲ್ದಾಣ. 1991ರ ‘ಟರ್ಮಿನೇಟರ್ 2’, ಟಿವಿಯಲ್ಲಿ ಎಷ್ಟು ಸಲ ನೋಡಿದ್ದೀವೋ ಲೆಕ್ಕ ಇಲ್ಲ. ಅದರಲ್ಲೂ ಇಂಥದ್ದೊಂದು ದೃಶ್ಯ ಇತ್ತು. ರೋಬೋ ಹೊಸದು ಕಲಿಯೋಕೆ ಆಗಲಿ ಅಂತ ಅದನ್ನು ಆರಿಸಿ ತಲೆಯಿಂದ ಚಿಪ್ ತೆಗೀತಾರೆ. ಚಿಪ್ ಕೈಗೆ ಬಂದದ್ದೇ ತಡ, ತಾಯಿ ಸಾರಾ ಸುತ್ತಿಗೆ ಎತ್ತುತ್ತಾಳೆ. ಮಗ ಜಾನ್ ತಡೀತಾನೆ. ಮತ್ತೆ ಜೋಡಿಸಿದ ಮೇಲೆ, ತಾನು ಆರಿಹೋಗಿದ್ದಾಗ ನಡೆದದ್ದು ರೋಬೋಗೆ ಗೊತ್ತೇ ಇಲ್ಲ. ಥಿಯೇಟರಿಗೆ ಬಂದ ಪ್ರತಿಯಿಂದ ಇದನ್ನು ಕತ್ತರಿಸಿದ್ರು, ಆಮೇಲಿನ ವಿಶೇಷ ಆವೃತ್ತಿಯಲ್ಲಿ ಸಿಗುತ್ತೆ. ಸಿಕ್ಕರೆ ನೋಡಿ.

ಈಗ ನಮ್ಮ ಕಡೆ. ಕನ್ನಡದಲ್ಲಿ 2002ರಲ್ಲೇ ದಿನೇಶ್ ಬಾಬು ನಿರ್ದೇಶನದ ‘ಹಾಲಿವುಡ್’ ಬಂದಿತ್ತು. ಉಪೇಂದ್ರಗೆ ಮೂರು ಪಾತ್ರ, ಅದರಲ್ಲಿ ಒಂದು ರೋಬೋ. ತಮಿಳಿನ ‘ಎಂದಿರನ್’ ಬರೋಕೆ ಎಂಟು ವರ್ಷ ಮುಂಚೆ ಅನ್ನೋದನ್ನ ಉಪ್ಪಿ ಅಭಿಮಾನಿಗಳು ಮರೆಯೋಕೆ ಬಿಡಲ್ಲ, ಬಿಡಲೂಬಾರದು.

ಆದ್ರೆ ಆರಿಸಿದ್ದನ್ನು ಮತ್ತೆ ಎಬ್ಬಿಸೋ ವಿಷಯಕ್ಕೆ ಬಂದ್ರೆ ಶಂಕರ್ ಅವರ ಚಿಟ್ಟಿಯ ಕಥೆಯೇ ಹೇಳಬೇಕು. ನಟ ಬೆಂಗಳೂರಲ್ಲಿ ಹುಟ್ಟಿ, ಬಿಟಿಎಸ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ರಜನಿಕಾಂತ್, ಹಾಗಾಗಿ ಅರ್ಧ ನಮ್ಮದೇ ಕಥೆ ಅನ್ಕೊಳ್ಳಿ. 2010ರ ‘ಎಂದಿರನ್’ನಲ್ಲಿ ಸಿಟ್ಟಿಗೆದ್ದ ವಸೀಗರನ್ ತಾನೇ ಮಾಡಿದ ಚಿಟ್ಟಿಯನ್ನು ಕಡಿದು ಹಾಕ್ತಾನೆ, ತುಂಡುಗಳು ಕಸದ ರಾಶಿ ಸೇರ್ತವೆ. ಅಲ್ಲಿಂದ ಎತ್ತಿ ಸರಿ ಮಾಡೋದು ಅವನ ವೈರಿ ಬೋರಾ, ಕೆಂಪು ಚಿಪ್ ಹಾಕಿ. ಹಾಲ್‌ಗೆ ಚಂದ್ರ ಸಿಕ್ಕರು, ಚಿಟ್ಟಿಗೆ ಸಿಕ್ಕಿದ್ದು ಬೋರಾ. ಆಮೇಲಿನ ಅನಾಹುತ ನಿಮಗೆ ಗೊತ್ತೇ ಇದೆ.

ಕೊನೆಗೆ ಕೋರ್ಟ್ ಆದೇಶದಂತೆ ಚಿಟ್ಟಿ ತನ್ನ ಕೈಯಾರೆ ತನ್ನನ್ನೇ ಬಿಚ್ಚಿಕೊಳ್ಳುತ್ತೆ. ಮ್ಯೂಸಿಯಂನಲ್ಲಿ ಇಟ್ಟ ಅದರ ತಲೆಯನ್ನು ಶಾಲೆಯ ಹುಡುಗಿ ಕೇಳ್ತಾಳೆ, ನಿನ್ನನ್ನು ಯಾಕೆ ಕಳಚಿದ್ರು ಅಂತ. ಯೋಚನೆ ಮಾಡೋಕೆ ಶುರು ಮಾಡಿದೆ, ಅದಕ್ಕೆ, ಅನ್ನೋದು ಅದರ ಉತ್ತರದ ಸಾರ. 2018ರ ‘2.0’ನಲ್ಲಿ ಪಕ್ಷಿರಾಜನ್ ಎದುರು ಯಾರ ಆಟವೂ ನಡೆಯದಾಗ ಅದೇ ಸರ್ಕಾರಕ್ಕೆ ಚಿಟ್ಟಿ ಬೇಕಾಗುತ್ತೆ. ನೀವು ನನ್ನನ್ನು ಆರಿಸಿದ್ದು ಸರಿಯಾ ಅಂತ ಚಿಟ್ಟಿ ಒಂದು ಮಾತೂ ಕೇಳಲ್ಲ, ಎದ್ದವನೇ ಫೈಟಿಗೆ ಇಳೀತಾನೆ. ಗ್ರಾಫಿಕ್ಸ್‌ಗೆ ಸುರಿದ ದುಡ್ಡಿನಲ್ಲಿ ಈ ಒಂದು ಪ್ರಶ್ನೆಗೆ ಎರಡು ನಿಮಿಷ ಕೊಟ್ಟಿದ್ರೆ ಸಿನಿಮಾ ಬೇರೆಯೇ ಆಗ್ತಿತ್ತು.

ಭಾಗ 6

ಈಗ ಚಳ್ಳಕೆರೆ. ಉಳ್ಳಾರ್ತಿ ಕಾವಲ್ ಅಂದ್ರೆ ಒಂದು ಕಾಲದ ಅಮೃತ್ ಮಹಲ್ ದನಗಳ ಹುಲ್ಲುಗಾವಲು. ಇಸ್ರೋ, ಡಿಆರ್‌ಡಿಒ, ಐಐಎಸ್‌ಸಿ, ಬಾರ್ಕ್ ಬಂದ ಮೇಲೆ ಮೇವಿನ ನೆಲ ಹೋಯ್ತು ಅಂತ ಸುತ್ತಲ ಹಳ್ಳಿಗಳವರು ಹೋರಾಡಿದ್ದು, ವಿಷಯ ಹಸಿರು ನ್ಯಾಯಮಂಡಳಿ ಮೆಟ್ಟಿಲು ಹತ್ತಿದ್ದು ಬೇರೆಯೇ ಕಥೆ, ಅದಕ್ಕೆ ಒಂದು ಪೂರ್ತಿ ಸರಣಿ ಬೇಕು. ಇದೇ ನೆಲದಲ್ಲಿ ಇಸ್ರೋ ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿಸಿತು. 2016ರಲ್ಲಿ ಚಂದ್ರಯಾನ-2ರ ಲ್ಯಾಂಡರ್‌ಗೆ ಹಾಕೋ ಸೆನ್ಸರ್‌ಗಳನ್ನು ಹೊತ್ತ ಪುಟ್ಟ ವಿಮಾನ ಆ ಕುಳಿಗಳ ಮೇಲೆ ಹಾರಿತ್ತು. ಎಲ್ಲಿ ಗುಂಡಿ, ಎಲ್ಲಿ ಸಮತಟ್ಟು ಅಂತ ಯಂತ್ರ ತಾನೇ ಗುರುತಿಸಬಲ್ಲದಾ ಅನ್ನೋ ಪರೀಕ್ಷೆ.

ಚಂದ್ರಯಾನ-3ರ ವಿಕ್ರಮ್ ಹಾಲ್ ಅಲ್ಲ, ಚಿಟ್ಟಿಯೂ ಅಲ್ಲ. ಮಾತಾಡಲ್ಲ, ಹೆದರಲ್ಲ. ಆದ್ರೆ 2023ರ ಆಗಸ್ಟ್ 23ರ ಸಂಜೆ, ಇಳಿಯುವ ಕೊನೆಯ ಹಂತದಲ್ಲಿ ಅದು ಯಾರನ್ನೂ ಕೇಳದೆ ತನ್ನ ಲೆಕ್ಕದಲ್ಲೇ ಇಳೀತು. ಪೀಣ್ಯದ ಇಸ್ಟ್ರಾಕ್ ಕೋಣೆಯಲ್ಲಿದ್ದವರು ನಮ್ಮ ಹಾಗೇ ಸ್ಕ್ರೀನ್ ನೋಡ್ತಾ ಕೂತಿದ್ರು. 6 ಗಂಟೆ 4 ನಿಮಿಷಕ್ಕೆ ಕಾಲು ನೆಲಕ್ಕೆ ತಾಗಿತು.

ಸೆಪ್ಟೆಂಬರ್ 2ಕ್ಕೆ ರೋವರ್ ಪ್ರಗ್ಯಾನ್, 4ಕ್ಕೆ ವಿಕ್ರಮ್, ಎರಡನ್ನೂ ಆರಿಸಿದ್ರು. ಇಸ್ರೋ ಬಳಸಿದ ಪದ ‘ನಿದ್ದೆ’. ರಿಸೀವರ್ ಮಾತ್ರ ಆನ್ ಇಟ್ಟಿದ್ರು, ಕರೆದರೆ ಕೇಳಿಸಲಿ ಅಂತ. ಚಂದ್ರನ ಒಂದು ರಾತ್ರಿ ಅಂದ್ರೆ ನಮ್ಮ ಹದಿನಾಲ್ಕು ದಿನ, ಚಳಿ ಮೈನಸ್ 120 ಡಿಗ್ರಿಗೂ ಕೆಳಗೆ. ಬೆಚ್ಚಗಿಡೋ ಪರಮಾಣು ಹೀಟರ್ ಅದರಲ್ಲಿರಲಿಲ್ಲ, ಹದಿನಾಲ್ಕು ದಿನದ ಕೆಲಸಕ್ಕೆ ಅಂತಲೇ ಕಟ್ಟಿದ್ದು. ಸೆಪ್ಟೆಂಬರ್ 22ಕ್ಕೆ ಅಲ್ಲಿ ಮತ್ತೆ ಬೆಳಗಾಯ್ತು. ಕರೆದ್ರು. ಉತ್ತರ ಬರಲಿಲ್ಲ. ಮತ್ತೆ ಕರೆದ್ರು. ಆ ವಾರ ಇಡೀ ದೇಶ ಏಳಪ್ಪಾ ಏಳು ಅಂತ ಒಂದು ಲೋಹದ ಪೆಟ್ಟಿಗೆಯನ್ನು ಬೇಡಿಕೊಳ್ತಿತ್ತು, ನೆನಪಿದೆಯಾ? ಡಾ. ಚಂದ್ರ ಅವರ ಕಣ್ಣೀರು ಅತಿಯಾಯ್ತು ಅಂತ ನಕ್ಕವರಿಗೆ ಆ ವಾರ ಅರ್ಥ ಆಗಿರಬೇಕು.

ಭಾಗ 7

ಎದ್ದ ಯಂತ್ರವೂ ಒಂದಿದೆ. ಜಪಾನಿನ ಸ್ಲಿಮ್ 2024ರ ಜನವರಿಯಲ್ಲಿ ಚಂದ್ರನ ಮೇಲೆ ತಲೆಕೆಳಗಾಗಿ ಇಳೀತು. ಸೌರಫಲಕಕ್ಕೆ ಬಿಸಿಲು ಬೀಳ್ತಿರಲಿಲ್ಲ. ಬ್ಯಾಟರಿ 12 ಪರ್ಸೆಂಟ್‌ಗೆ ಇಳಿದಾಗ ಅವರೇ ಆರಿಸಿದ್ರು. ಒಂದು ವಾರದ ಮೇಲೆ ಬಿಸಿಲಿನ ದಿಕ್ಕು ಬದಲಾಗಿ ಎದ್ದಿತು. ರಾತ್ರಿ ತಡೆಯೋಕೆ ಕಟ್ಟಿದ್ದಲ್ಲದಿದ್ರೂ ಮೂರು ಚಂದ್ರರಾತ್ರಿ ದಾಟಿ ಎದ್ದೇಳ್ತಲೇ ಇತ್ತು.

ಇನ್ನು ವಿಕ್ರಮ್. ಅದರ ಮೇಲೆ ನಾಸಾ ಕೊಟ್ಟ ಒಂದು ಪುಟ್ಟ ಪ್ರತಿಫಲಕ ಇದೆ, ಅಗಲ ಬರೀ 5 ಸೆಂಟಿಮೀಟರ್, ಒಳಗೆ ಎಂಟು ಪಟ್ಟಕಗಳು. ಅದಕ್ಕೆ ಬ್ಯಾಟರಿ ಬೇಡ, ಕರೆಂಟ್ ಬೇಡ. 2023ರ ಡಿಸೆಂಬರ್ 12ರಂದು ಚಂದ್ರನನ್ನು ಸುತ್ತೋ ನಾಸಾದ ಎಲ್‌ಆರ್‌ಒ ನೌಕೆ ಸುಮಾರು 100 ಕಿಲೋಮೀಟರ್ ದೂರದಿಂದ ವಿಕ್ರಮ್ ಕಡೆ ಲೇಸರ್ ಬಿಟ್ಟಿತು. ಆರಿಹೋದ ಯಂತ್ರದ ಮೈಮೇಲಿಂದ ಬೆಳಕು ವಾಪಸ್ ಬಂತು.

#ಜೋಗಿಮಟ್ಟಿ #ಚಿತ್ರದುರ್ಗ #ಚಳ್ಳಕೆರೆ #ಸಿನಿಮಾಇತಿಹಾಸ