ಹಬ್ಬಕ್ಕೆಂದು ಕಟ್ಟಿಟ್ಟ ಕಾಸು

ಕ್ರಿಸ್‌ಮಸ್ ಖರ್ಚಿಗೆ ವರ್ಷವಿಡೀ ಚಿಲ್ಲರೆ ಕೂಡಿಡುವ ಪದ್ಧತಿಯನ್ನು ಹುಟ್ಟುಹಾಕಿದ್ದು ಬ್ಯಾಂಕುಗಳಲ್ಲ. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನ ಕೂಲಿಕಾರರು ವಾರವಾರವೂ ಕೆಲವು ಪೆನ್ನಿಗಳನ್ನು ಪಬ್ಬಿನ ಮಾಲೀಕನ ಕೈಗೆ ಕೊಟ್ಟು, ಡಿಸೆಂಬರಿನಲ್ಲಿ ಒಂದು ಹೆಬ್ಬಾತು ಪಡೆಯುತ್ತಿದ್ದರು. ಮನೆಯಲ್ಲಿ ಅದಕ್ಕೆ ತಕ್ಕ ಒಲೆಯಿಲ್ಲದವರು ಬೇಕರಿಯ ಒಲೆಯಲ್ಲಿ ಬೇಯಿಸಿಕೊಂಡು ಬರುತ್ತಿದ್ದರು. ಕಾನನ್ ಡಾಯ್ಲ್ 1892ರಲ್ಲಿ ಬರೆದ ಷರ್ಲಾಕ್ ಹೋಮ್ಸ್ ಕಥೆಯೊಂದರಲ್ಲಿ ಇಂಥ ‘ಗೂಸ್ ಕ್ಲಬ್’ ಬರುತ್ತದೆ. ಹೆಂಡದಂಗಡಿಯಲ್ಲಿ ಉಳಿತಾಯವೇ ಎಂದು ಮೂಗು ಮುರಿಯಬಹುದು. ಕಂತು ಕಟ್ಟಲು ಹೋದವನು ಒಣಗಂಟಲಲ್ಲಿ ಮರಳುತ್ತಿರಲಿಲ್ಲ, ನಿಜ. ಆದರೂ ಹಬ್ಬದ ದಿನ ಹೆಬ್ಬಾತು ಮನೆ ಸೇರುತ್ತಿತ್ತು.

1909ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್ ಟ್ರಸ್ಟ್ ಕಂಪನಿ ಇದೇ ಉಪಾಯವನ್ನು ‘ಕ್ರಿಸ್‌ಮಸ್ ಕ್ಲಬ್’ ಎಂಬ ಖಾತೆಯಾಗಿಸಿತು. ವಾರವಾರ ಕಟ್ಟಬೇಕು, ಹಬ್ಬದ ಹೊತ್ತಿಗೆ ಒಟ್ಟಿಗೆ ಪಡೆಯಬೇಕು. ಮುಂದೆ ಇದನ್ನು ಅನುಸರಿಸಿದ ಹಲವು ಬ್ಯಾಂಕುಗಳಲ್ಲಿ ಬಡ್ಡಿ ಸಿಕ್ಕರೆ ಅಲ್ಪಸ್ವಲ್ಪ, ಇಲ್ಲದಿದ್ದರೆ ಅದೂ ಇಲ್ಲ. ಹಾಗಾದರೆ ಮಾಮೂಲಿ ಉಳಿತಾಯ ಖಾತೆಯೇ ಲಾಭವಲ್ಲವೇ? ಲೆಕ್ಕದಲ್ಲಿ ಹೌದು. ಆದರೆ ಜನ ಇಲ್ಲಿ ಅರಸಿದ್ದು ಬಡ್ಡಿಯನ್ನಲ್ಲ, ಬೀಗವನ್ನು. ಜುಲೈ ತಿಂಗಳ ಬಾಡಿಗೆಗೋ ಚಪ್ಪಲಿಗೋ ಕೈ ಚಾಚದಂತೆ ತಮ್ಮಿಂದಲೇ ತಮ್ಮ ಹಣವನ್ನು ಕಾಪಾಡಿಕೊಳ್ಳುವುದನ್ನು. ನಮ್ಮ ಚೀಟಿಯಲ್ಲಿ ಅಗತ್ಯವಿದ್ದವರು ಮೊದಲೇ ಎತ್ತಬಹುದು. ಇಲ್ಲಿ ಆ ಸಡಿಲಿಕೆಯೂ ಇಲ್ಲ.

ಇದರ ದೌರ್ಬಲ್ಯ ಉಳಿಸುವವರ ದುಂದಿನಲ್ಲಿಲ್ಲ, ಬೀಗದ ಕೈ ಹಿಡಿದವರಲ್ಲಿದೆ. ಬ್ರಿಟನ್ನಿನ ಫೇರ್‌ಪ್ಯಾಕ್ ಎಂಬ ಕ್ರಿಸ್‌ಮಸ್ ಉಳಿತಾಯ ಕಂಪನಿ 2006ರ ಅಕ್ಟೋಬರಿನಲ್ಲಿ ಕುಸಿದಾಗ, ಹಬ್ಬಕ್ಕೆ ಇನ್ನೆರಡೇ ತಿಂಗಳಿರುವಾಗ, ಒಂದು ಲಕ್ಷಕ್ಕೂ ಹೆಚ್ಚು ಜನರ ಉಳಿತಾಯ ಸಿಕ್ಕಿಹಾಕಿಕೊಂಡಿತು. ಅದು ಬ್ಯಾಂಕಾಗಿರಲಿಲ್ಲವಾದ್ದರಿಂದ ಠೇವಣಿದಾರರಿಗಿರುವ ರಕ್ಷಣೆ ಅವರಿಗೆ ದಕ್ಕಲಿಲ್ಲ.